ಇಂದಿನ ಧಮ್ಮ ಚಿಂತನೆ: ಆರಿಸಿಬಿಟ್ಟ ಚೆಕ್ ಲೈಟ್



ಈ ವಾರದ ಚಿಂತನೆ ಬರೆಯುವ ಸರದಿ ನನ್ನದು. ಅಪ್ಪಮಾದದ ಬಗ್ಗೆ, ಅಂದರೆ ಎಚ್ಚರದ ಬಗ್ಗೆ, ಎರಡು ಪುಟ ಬರೆದಿಟ್ಟುಕೊಂಡಿದ್ದೆ. ಧಮ್ಮಪದದ ಎರಡನೆಯ ವಗ್ಗ ಪೂರ್ತಿ ಅದರ ಮೇಲೆಯೇ ಇದೆ, ಭಗವಾನರು ಪರಿನಿಬ್ಬಾಣದ ಹೊತ್ತಿನಲ್ಲಿ ಭಿಕ್ಖುಗಳಿಗೆ ಕೊನೆಯದಾಗಿ ನೆನಪಿಸಿದ್ದೂ ಅದನ್ನೇ ಎಂದೆಲ್ಲ ಬರೆದಿದ್ದೆ. ಆದರೆ ಹೋದ ಭಾನುವಾರ ಬ್ರಹ್ಮಗಿರಿಯ ದಾರಿಯಲ್ಲಿ ನಡೆದದ್ದನ್ನು ಮುಚ್ಚಿಟ್ಟುಕೊಂಡು ಆ ಎರಡು ಪುಟ ಕಳಿಸಲು ಮನಸ್ಸು ಒಪ್ಪಲಿಲ್ಲ. ನನ್ನ ಜೊತೆ ಕಾರಿನಲ್ಲಿದ್ದವರಿಗೆ ಅರ್ಧ ವಿಷಯ ಗೊತ್ತಿದೆ. ಉಳಿದ ಅರ್ಧ ಇಲ್ಲಿದೆ. ಸ್ವಲ್ಪ ಉದ್ದವಾಗಿದೆ, ಬಿಡುವಾದಾಗ ಓದಿ.

ಬ್ರಹ್ಮಗಿರಿಯ ಅಶೋಕನ ಶಾಸನ ನೋಡಬೇಕೆಂದು ನಮ್ಮ ಅಧ್ಯಯನ ಬಳಗದಲ್ಲಿ ಬಹಳ ದಿನಗಳಿಂದ ಮಾತಿತ್ತು. ಕೊನೆಗೆ ನಾಲ್ಕು ಜನ ಹೊರಟೆವು: ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದ ನಮ್ಮ ಹಿರಿಯರು, ಅವರ ಮನೆಯವರು, ಒಂಬತ್ತನೇ ತರಗತಿಯ ನನ್ನ ಮಗಳು ಮತ್ತು ನಾನು. ಕಾರು ನನ್ನದು, ಓಡಿಸುತ್ತಿದ್ದವಳೂ ನಾನೇ. 2015ರ ಮಾಡೆಲ್, ಪೆಟ್ರೋಲ್ ಗಾಡಿ. ಬೆಳಿಗ್ಗೆ ಏಳಕ್ಕೆ ಚಿತ್ರದುರ್ಗ ಬಿಟ್ಟು ಚಳ್ಳಕೆರೆಯಲ್ಲಿ ತಿಂಡಿ ತಿಂದು, ತಳುಕಿನ ಕಡೆಗೆ ಹೊರಟೆವು. ತಳುಕು ಅಂದ ಕೂಡಲೇ ಕನ್ನಡ ಎಂ.ಎ. ಮಾಡಿದವರಿಗೆ ವೆಂಕಣ್ಣಯ್ಯನವರ ನೆನಪು ಬರುತ್ತದೆ. ಕುವೆಂಪು ಅವರು ತಮ್ಮ ಮಹಾಕಾವ್ಯವನ್ನು ಅರ್ಪಿಸಿದ್ದು ಆ ಗುರುವಿಗೆ. ಅದನ್ನೇ ಮಗಳಿಗೆ ಹೇಳುತ್ತಿದ್ದೆ. ಆಗ ಮುಂದಿನ ಮೀಟರಿನಲ್ಲಿ ಹಳದಿ ದೀಪವೊಂದು ಹೊತ್ತಿತು. ಇಂಜಿನ್ ಚಿತ್ರದ ದೀಪ. ಗ್ಯಾರೇಜಿನವರು ಅದಕ್ಕೆ ಚೆಕ್ ಲೈಟ್ ಅನ್ನುತ್ತಾರೆ.

ನನಗೆ ಅದು ಹೊಸದಲ್ಲ. ಇಲ್ಲಿಂದ ನಿಮಗೆ ಗೊತ್ತಿಲ್ಲದ ಅರ್ಧ ಶುರುವಾಗುತ್ತದೆ.

ನಾಲ್ಕು ತಿಂಗಳ ಹಿಂದೆ ಆ ದೀಪ ಮೊದಲ ಸಲ ಬಂದಾಗ ಒಂದು ಗ್ಯಾರೇಜಿಗೆ ಹೋಗಿದ್ದೆ. ಅಲ್ಲಿಯ ಹುಡುಗ ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಸಿಕ್ಕಿಸಿ ನೋಡಿದ. ಪಿ 0301 ಎಂದು ಬಂತು. ಮೊದಲನೇ ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ ಅಂತ ಅದರ ಅರ್ಥ. "ಪ್ಲಗ್, ಕಾಯಿಲ್ ಬಿಚ್ಚಿ ನೋಡಬೇಕು ಮೇಡಂ. ಸದ್ಯಕ್ಕೆ ಕೋಡ್ ಅಳಿಸಿ ಕೊಡ್ತೀನಿ, ಮತ್ತೆ ಬಂದ್ರೆ ಗಾಡಿ ತಗೊಂಡು ಬನ್ನಿ" ಅಂದ. ದೀಪ ಆರಿತು. ನಾನು 300 ರೂಪಾಯಿ ಕೊಟ್ಟು ಬಂದೆ. ಹುಡುಗ ಮೋಸ ಮಾಡಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದ. ಆದರೆ ಅವನು ಹೇಳಿದ ಎರಡು ಮಾತುಗಳಲ್ಲಿ ನನಗೆ ಬೇಕಾದ ಒಂದನ್ನು ಮಾತ್ರ ನಾನು ಕೇಳಿಸಿಕೊಂಡೆ.

ಮೂರು ವಾರಕ್ಕೆ ದೀಪ ಮತ್ತೆ ಬಂತು. ಶಾಲೆ, ಮೌಲ್ಯಮಾಪನ, ಮನೆ ಎಂದು ಗ್ಯಾರೇಜಿಗೆ ಹೋಗಲು ಪುರುಸೊತ್ತಾಗಲಿಲ್ಲ. ಪರಿಚಯದವರೊಬ್ಬರು, ಫೋನಿಗೆ ಸೇರುವ ಸಣ್ಣ ಸ್ಕ್ಯಾನರ್ ಆನ್‌ಲೈನ್‌ನಲ್ಲಿ ಸಿಗುತ್ತದೆ ಎಂದರು. ತರಿಸಿದೆ. ಅದನ್ನು ಸಿಕ್ಕಿಸಿ, ಫೋನಿನಲ್ಲಿ ಒಂದು ಗುಂಡಿ ಒತ್ತಿದರೆ ದೀಪ ಮಾಯ. ಆ ಮೇಲೆ ಇನ್ನೂ ಎರಡು ಸಲ ಹಾಗೇ ಮಾಡಿದೆ. ಪ್ರತಿ ಸಲವೂ ಏನೋ ಒಂದು ಕೆಲಸ ಮುಗಿಸಿದಷ್ಟು ನೆಮ್ಮದಿಯಾಗುತ್ತಿತ್ತು.

ಇಷ್ಟೇ ಆಗಿದ್ದರೆ ಅದು ನನ್ನ ಗಾಡಿ, ನನ್ನ ಸೋಮಾರಿತನ ಎಂದು ಬಿಡಬಹುದಿತ್ತು. ಆದರೆ ಈ ನಡುವೆ ಗಾಡಿ ಮಾರಲು ನಿರ್ಧರಿಸಿದ್ದೆ. ನಮ್ಮ ಶಾಲೆಯ ಅತಿಥಿ ಶಿಕ್ಷಕರೊಬ್ಬರು ಕೊಳ್ಳುತ್ತೇನೆ ಎಂದು ಮುಂದೆ ಬಂದಿದ್ದರು. ಅತಿಥಿ ಶಿಕ್ಷಕರ ಪಾಡು ನಮ್ಮ ಗುಂಪಿನ ಅನೇಕರಿಗೆ ಗೊತ್ತಿದೆ. ಗೌರವಧನ ತಿಂಗಳುಗಟ್ಟಲೆ ತಡವಾಗುತ್ತದೆ, ಬೇಸಿಗೆಯಲ್ಲಿ ಅದೂ ಇಲ್ಲ. ಅವರ ತಾಯಿಯನ್ನು ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಬೇಕು, ಆಟೋ ಬಾಡಿಗೆ ಕೊಟ್ಟು ಸಾಕಾಗಿದೆ ಎಂದು ಸಾಲ ಮಾಡಿ ಕಾರು ಕೊಳ್ಳಲು ಹೊರಟಿದ್ದರು. 10,000 ರೂಪಾಯಿ ಮುಂಗಡ ಕೊಟ್ಟಿದ್ದರು. ಗಾಡಿ ನೋಡಲು ಬಂದ ದಿನ ಕೇಳಿದರು, "ಮೇಡಂ, ಇಂಜಿನ್‌ದೇನೂ ತೊಂದರೆ ಇಲ್ಲ ತಾನೆ?"

ನಾನು ಕೀ ತಿರುಗಿಸಿದೆ. ಎಲ್ಲ ದೀಪಗಳೂ ಒಂದು ಸಲ ಹೊತ್ತಿದವು. ಇಂಜಿನ್ ಶುರುವಾದ ಕೂಡಲೇ ಎಲ್ಲವೂ ಆರಿದವು. "ನೀವೇ ನೋಡಿ ಸರ್, ಒಂದು ಲೈಟೂ ಇಲ್ಲ" ಎಂದೆ.

ಹಿಂದಿನ ರಾತ್ರಿಯಷ್ಟೇ ಆ ಗುಂಡಿ ಒತ್ತಿದ್ದೆ.

ಈಗ ಮತ್ತೆ ದಾರಿಗೆ ಬರೋಣ. ದೀಪ ಬಂದಾಗ ಶಿರಸ್ತೇದಾರ್ ಸರ್ ನಮಗೆ ರಾಹುಲನ ಕಥೆ ಹೇಳುತ್ತಿದ್ದರು. ಮಜ್ಝಿಮ ನಿಕಾಯದಲ್ಲಿ ಬರುವ ಅಂಬಲಟ್ಠಿಕ ರಾಹುಲೋವಾದ ಸುತ್ತ. ಭಗವಾನರು ತಮ್ಮ ಮಗ, ಬಾಲಕ ರಾಹುಲನಿರುವ ಕಡೆ ಬರುತ್ತಾರೆ. ಕಾಲು ತೊಳೆದ ಪಾತ್ರೆಯಲ್ಲಿ ಸ್ವಲ್ಪ ನೀರು ಉಳಿಸಿ ತೋರಿಸುತ್ತಾರೆ. ಬೇಕೆಂದೇ ಸುಳ್ಳು ಹೇಳಲು ನಾಚದವನಲ್ಲಿ ಸಮಣತ್ವ ಅಷ್ಟೇ ಅಲ್ಪ ಎನ್ನುತ್ತಾರೆ. ಆ ನೀರನ್ನು ಚೆಲ್ಲುತ್ತಾರೆ, ಪಾತ್ರೆಯನ್ನು ಮಗುಚುತ್ತಾರೆ, ಮತ್ತೆ ಎತ್ತಿ ಅದರ ಬರಿದನ್ನು ತೋರಿಸುತ್ತಾರೆ. ಒಂದೊಂದು ಸಲವೂ ಅದೇ ಪಾಠ. ಬೈಗುಳವಿಲ್ಲ, ಶಾಪವಿಲ್ಲ, ಒಂದು ಪಾತ್ರೆ ಮತ್ತು ನೀರು. ಮೇಷ್ಟ್ರ ಕೆಲಸ ಮಾಡುವವರು ಕಲಿಯಬೇಕಾದ ಪಾಠವಿಧಾನ ಅದು ಎಂದು ನಾನೂ ನಡುವೆ ಬಾಯಿ ಹಾಕಿದೆ. ನನ್ನ ಕಣ್ಣ ಮುಂದೆ ಹಳದಿ ದೀಪ ಉರಿಯುತ್ತಲೇ ಇತ್ತು. ನಾನು ಹೋಗುತ್ತಲೇ ಇದ್ದೆ.

ತಳುಕಿಗೆ ಮುನ್ನ ಒಂದು ಏರು. ಶೇಂಗಾ ತುಂಬಿದ ಲಾರಿಯೊಂದನ್ನು ದಾಟಲು ಆಕ್ಸಿಲರೇಟರ್ ಒತ್ತಿದೆ. ಗಾಡಿ ಎಳೆಯಲಿಲ್ಲ, ನಡುಗಿತು. ದೀಪ ಮಿನುಗಲು ಶುರುವಾಯಿತು. ಎದುರಿನಿಂದ ಬಸ್ಸು ಬರುತ್ತಿತ್ತು. ಹೇಗೋ ಬ್ರೇಕ್ ಹಾಕಿ ಲಾರಿಯ ಹಿಂದಕ್ಕೇ ಸರಿದೆ. ಕೈ ಬೆವೆತಿತ್ತು.

"ಏನಮ್ಮಾ, ಗಾಡಿ ಕೆಮ್ಮುತ್ತಿದೆಯಲ್ಲ?" ಎಂದರು ಶಿರಸ್ತೇದಾರ್ ಸರ್.

"ಏನಿಲ್ಲ ಸರ್. ಬಂಕ್‌ನಲ್ಲಿ ಹಾಕಿಸಿದ ಪೆಟ್ರೋಲ್ ಸರಿ ಇಲ್ಲ ಅನ್ಸುತ್ತೆ" ಎಂದೆ.

ರಾಹುಲನ ಕಥೆ ಕೇಳಿ ಹತ್ತು ನಿಮಿಷ ಆಗಿರಲಿಲ್ಲ. ಹಿಂದಿನ ಸೀಟಿನಿಂದ ಮಗಳು ಕೇಳಿದಳು: "ಅಮ್ಮಾ, ನೀನು ಫೋನಲ್ಲಿ ಅಳಿಸ್ತೀಯಲ್ಲ, ಅದೇ ಲೈಟಾ ಇದು?"

ಅವಳು ನನ್ನನ್ನು ಸಿಕ್ಕಿಸಬೇಕು ಎಂದು ಕೇಳಿದ್ದಲ್ಲ. ನಿಜವಾಗಿಯೂ ತಿಳಿಯಲು ಕೇಳಿದ್ದು. ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಸರ್ ಕಿಟಕಿಯ ಹೊರಗೆ ನೋಡತೊಡಗಿದರು. ನನ್ನ ಮರ್ಯಾದೆ ಕಾಪಾಡಲು ಅವರು ಹಾಗೆ ಮಾಡಿದರು ಎಂದು ಗೊತ್ತಾಗಿ ಇನ್ನಷ್ಟು ಕುಗ್ಗಿದೆ.

ರಸ್ತೆ ಬದಿಗೆ ನಿಲ್ಲಿಸಿದೆ. ಚಳ್ಳಕೆರೆಯಲ್ಲಿ ಸರ್‌ಗೆ ಪರಿಚಯದವರಿದ್ದರು. ಅವರ ಮೂಲಕ ಒಬ್ಬ ಮೆಕ್ಯಾನಿಕ್ ಮುಕ್ಕಾಲು ಗಂಟೆಯಲ್ಲಿ ಬೈಕ್‌ನಲ್ಲಿ ಬಂದರು. ಐವತ್ತು ದಾಟಿದವರು. ಬಂದ ತಕ್ಷಣ ಅವರು ನೋಡಿದ್ದು ಇಂಜಿನ್ ಅಲ್ಲ, ಗಾಡಿಯ ಕೆಳಗೆ. "ಮೊದಲು ಗಾಡಿ ಮುಂದಕ್ಕೆ ತಳ್ಳಿ. ಒಣಹುಲ್ಲಿನ ಮೇಲೆ ನಿಲ್ಲಿಸಿದ್ದೀರಿ" ಎಂದರು. ಆ ಮೇಲೆ ಬಿಡಿಸಿ ಹೇಳಿದರು. ಸಿಲಿಂಡರ್‌ನಲ್ಲಿ ಉರಿಯದ ಪೆಟ್ರೋಲ್ ಹಾಗೇ ಸೈಲೆನ್ಸರ್ ಪೈಪಿಗೆ ಹೋಗುತ್ತದೆ. ಅಲ್ಲಿ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇದೆ. ಪೆಟ್ರೋಲ್ ಅದರೊಳಗೆ ಹೊತ್ತಿಕೊಂಡು ಅದು ಕೆಂಡದ ಹಾಗೆ ಕಾಯುತ್ತದೆ. ಅದು ಹಾಳಾದರೆ ಖರ್ಚು ಹತ್ತಾರು ಸಾವಿರ. ಕೆಳಗೆ ಒಣಹುಲ್ಲಿದ್ದರೆ ಬೆಂಕಿಯೂ ಹತ್ತಬಹುದು. ದೀಪ ಸುಮ್ಮನೆ ಉರಿಯುತ್ತಿದ್ದರೆ ನಿಧಾನವಾಗಿ ಹೋಗಿ ತೋರಿಸಬಹುದು, ಮಿನುಗಿದರೆ ಆಟ ಮುಗಿಯಿತು, ನಿಲ್ಲಿಸಲೇಬೇಕು.

"ಮೊದಲೂ ಬಂದಿತ್ತಾ ಮೇಡಂ?" ಎಂದು ಕೇಳಿದರು.

ಇಲ್ಲ ಎನ್ನಲು ಬಾಯಿ ತೆರೆದಿದ್ದೆ. ಮಗಳು ಪಕ್ಕದಲ್ಲಿ ನಿಂತಿದ್ದಳು. "ನಾಲ್ಕು ತಿಂಗಳಿಂದ ಬರ್ತಿದೆ. ನಾನೇ ಅಳಿಸ್ತಿದ್ದೆ" ಎಂದೆ. ಅವರು ಮುಖ ಎತ್ತಿಯೂ ನೋಡಲಿಲ್ಲ. ಕಾಯಿಲ್ ಬಿಚ್ಚುತ್ತಾ, "ಅಳಿಸೋದು ಎರಡು ನಿಮಿಷದ ಕೆಲಸ ಮೇಡಂ. ಅಳಿಸಿದ್ದು ಇಂಜಿನ್‌ಗೆ ಗೊತ್ತಾಗಲ್ಲ, ಅಷ್ಟೇ" ಎಂದರು.

ಚಳ್ಳಕೆರೆಯಿಂದ ಕಾಯಿಲ್ ತರಿಸಿ, ನಾಲ್ಕೂ ಪ್ಲಗ್ ಬದಲಿಸಿ ಮುಗಿಸುವ ಹೊತ್ತಿಗೆ ಮಧ್ಯಾಹ್ನ ಎರಡಾಗಿತ್ತು. ಒಟ್ಟು 4,200 ರೂಪಾಯಿ. ಕನ್ವರ್ಟರ್ ಸದ್ಯಕ್ಕೆ ಪರವಾಗಿಲ್ಲ ಅನ್ನಿಸುತ್ತೆ, ಆದರೆ ಎಷ್ಟು ದಿನ ಬಾಳುತ್ತೋ ಹೇಳಲಾರೆ ಎಂದರು. ದೀಪ ಇನ್ನೂ ಉರಿಯುತ್ತಿತ್ತು. "ಅಳಿಸಲ್ವಾ?" ಎಂದು ಕೇಳಿದೆ. "ಬೇಡ. ಕಾಯಿಲೆ ವಾಸಿಯಾಗಿದ್ರೆ ಮೂರು ನಾಲ್ಕು ಸಲ ಓಡಿಸೋದ್ರೊಳಗೆ ತಾನೇ ಆರುತ್ತೆ. ಆರಲಿಲ್ಲ ಅಂದ್ರೆ ನನ್ನ ಕೆಲಸ ಸರಿಯಾಗಿಲ್ಲ ಅಂತ ನಿಮಗೂ ಗೊತ್ತಾಗಬೇಕಲ್ಲ" ಎಂದರು.

ತಮ್ಮ ಕೆಲಸದ ಮೇಲೆ ತಾವೇ ಒಂದು ಸಾಕ್ಷಿಯನ್ನು ಉಳಿಸಿ ಹೋದರು ಆ ಮನುಷ್ಯ. ನಾನು ನನ್ನ ಸಾಕ್ಷಿಯನ್ನು ನಾಲ್ಕು ಸಲ ಅಳಿಸಿದ್ದೆ.

ನಾಲ್ಕರ ಹೊತ್ತಿಗೆ ಬ್ರಹ್ಮಗಿರಿ ಮುಟ್ಟಿದೆವು. ಬಿ.ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದ ಶಾಸನ ಇದು. ಇಲ್ಲಿ, ಹತ್ತಿರದ ಸಿದ್ದಾಪುರದಲ್ಲಿ, ಜಟಿಂಗ ರಾಮೇಶ್ವರ ಬೆಟ್ಟದಲ್ಲಿ, ಹೀಗೆ ಮೂರು ಕಡೆ ಹೆಚ್ಚುಕಡಿಮೆ ಒಂದೇ ಪಾಠವಿದೆ. ಸುವರ್ಣಗಿರಿಯಿಂದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸಿ ಕಳಿಸಿದ ಸಂದೇಶ. ಕೊನೆಗೆ ಚಪಡ ಎಂಬ ಲಿಪಿಕಾರನ ಸಹಿ. ಅವನು ತನ್ನ ವೃತ್ತಿಯ ಹೆಸರನ್ನು ಮಾತ್ರ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಎಂ.ಎ. ಓದುವಾಗ ಪರೀಕ್ಷೆಗೆಂದು ಇದನ್ನೆಲ್ಲ ಬಾಯಿಪಾಠ ಮಾಡಿದ್ದೆ.

ಪರೀಕ್ಷೆಗೆ ಓದಿದಾಗ ಕಾಣದ ಎರಡು ವಿಷಯ ಅವತ್ತು ಕಂಡವು.

ಒಂದು, ಆ ಶಾಸನದಲ್ಲಿ ಚಕ್ರವರ್ತಿ ತನ್ನ ಬಗ್ಗೆ ಹೇಳಿಕೊಂಡದ್ದು. ತಾನು ಉಪಾಸಕನಾಗಿ ಎರಡೂವರೆ ವರ್ಷಕ್ಕಿಂತ ಹೆಚ್ಚಾಯಿತು, ಆದರೆ ಒಂದು ವರ್ಷ ಅಷ್ಟೇನೂ ಶ್ರದ್ಧೆಯಿಂದ ಶ್ರಮಿಸಲಿಲ್ಲ, ಸಂಘವನ್ನು ಸೇರಿ ಬಂದ ಮೇಲೆ ಶ್ರಮಿಸಿದೆ ಎನ್ನುತ್ತಾನೆ. ಬಹಳಷ್ಟು ರಾಜರ ಶಾಸನಗಳನ್ನು ನಾವು ಓದಿದ್ದೇವೆ. ಗೆದ್ದದ್ದು, ಕೊಟ್ಟದ್ದು, ಕಟ್ಟಿಸಿದ್ದು ಅವುಗಳಲ್ಲಿ ತುಂಬಿರುತ್ತದೆ. "ಒಂದು ವರ್ಷ ನಾನು ಸರಿಯಾಗಿ ನಡೆದುಕೊಳ್ಳಲಿಲ್ಲ" ಎಂಬುದನ್ನು ಬಂಡೆಯ ಮೇಲೆ ಕೊರೆಸಿ, ಊರೂರಿಗೆ ಕಳಿಸಿದವನು ಇವನು. ಅಳಿಸಲು ಅವನಿಗೆ ಎಷ್ಟು ಅಧಿಕಾರವಿತ್ತು! ಅಳಿಸದೆ ಕೊರೆಸಿದ. ಅದಾದ ಮೇಲೆಯೇ, ಇದು ದೊಡ್ಡವರಿಗೆ ಮಾತ್ರ ಅಲ್ಲ, ಸಣ್ಣವರೂ ಶ್ರಮದಿಂದ ಪಡೆಯಬಹುದು ಎಂದು ಹೇಳುವ ಹಕ್ಕು ಅವನಿಗೆ ಬಂತು ಅನ್ನಿಸಿತು.

ಇನ್ನೊಂದು, ಶಾಸನದ ಎರಡನೆಯ ಭಾಗ. ತಂದೆತಾಯಿಯ ಮಾತು ಕೇಳಬೇಕು, ಜೀವಿಗಳ ಬಗ್ಗೆ ಕರುಣೆ ಇರಬೇಕು, ಸತ್ಯ ಹೇಳಬೇಕು, ಶಿಷ್ಯರು ಗುರುವನ್ನು ಗೌರವಿಸಬೇಕು. ತರಗತಿಯಲ್ಲಿ ಕೊನೆಯದನ್ನು ನಾವು ಮೇಷ್ಟ್ರುಗಳು ಒತ್ತಿ ಹೇಳುತ್ತೇವೆ. ಅದರ ಹಿಂದೆಯೇ ಇರುವ ಸತ್ಯದ ಮಾತನ್ನು ಬೇಗ ದಾಟಿಬಿಡುತ್ತೇವೆ.

ಬಂಡೆಯ ಮುಂದೆ ಕೂತು ಅತಿಥಿ ಶಿಕ್ಷಕರ ವಿಷಯವನ್ನು ಶಿರಸ್ತೇದಾರ್ ಸರ್‌ಗೆ ಹೇಳಿದೆ. ನಾನು ಹೇಳಿದ್ದು ಸುಳ್ಳೇ ಎಂದೂ ಕೇಳಿದೆ. ಏಕೆಂದರೆ ಒಳಗೊಂದು ವಾದ ಆಗಲೇ ಸಿದ್ಧವಾಗಿತ್ತು. "ಒಂದು ಲೈಟೂ ಇಲ್ಲ" ಎಂದೆ. ಆ ಕ್ಷಣದಲ್ಲಿ ಒಂದು ಲೈಟೂ ಇರಲಿಲ್ಲ. ಮಾತು ಅಕ್ಷರಶಃ ನಿಜ.

ನಲವತ್ತು ವರ್ಷ ಕೋರ್ಟಿನಲ್ಲಿ ಇಂಥ ವಾದಗಳನ್ನು ಕೇಳಿದವರು ಅವರು. ನಗಲಿಲ್ಲ. ನಿಮ್ಮ ವಾದವನ್ನು ನ್ಯಾಯವಾಗಿಯೇ ನೋಡೋಣ ಎಂದು ಲೆಕ್ಕ ಹಾಕಿದರು. ಮುಸಾವಾದಕ್ಕೆ, ಅಂದರೆ ಸುಳ್ಳಿಗೆ, ಅಟ್ಠಕಥೆಗಳು ನಾಲ್ಕು ಅಂಗ ಹೇಳುತ್ತವೆ: ವಿಷಯ ನಿಜವಲ್ಲದ್ದಾಗಿರಬೇಕು, ವಂಚಿಸುವ ಚಿತ್ತ ಇರಬೇಕು, ಅದಕ್ಕೆ ತಕ್ಕ ಪ್ರಯತ್ನ ಆಗಬೇಕು, ಎದುರಿನವರಿಗೆ ಅದು ಮುಟ್ಟಬೇಕು. "ಮೊದಲನೆಯದು ಇಲ್ಲವಲ್ಲ ಸರ್" ಎಂದೆ. ಅವರು ಹೇಳಿದರು: "ಅವರು ಕೇಳಿದ್ದು ಲೈಟಿನ ವಿಷಯ ಅಲ್ಲಮ್ಮ, ಇಂಜಿನ್ ವಿಷಯ. ನೀವು ಲೈಟನ್ನು ತೋರಿಸಿ ಇಂಜಿನ್ ಚೆನ್ನಾಗಿದೆ ಅಂತ ತಿಳಿಸಿದಿರಿ. ಅದು ನಿಜವಲ್ಲ. ಮತ್ತೆ ಪ್ರಯತ್ನ ಅಂದ್ರೆ ಬರೀ ನಾಲಿಗೆ ಅಲ್ಲ, ಮೈಯಿಂದ ಮಾಡಿದ್ದೂ ಪ್ರಯತ್ನವೇ. ಹಿಂದಿನ ರಾತ್ರಿ ಗುಂಡಿ ಒತ್ತಿದಿರಲ್ಲ, ಸುಳ್ಳು ಅಲ್ಲೇ ಶುರುವಾಯ್ತು. ಬಾಯಿ ಬರೀ ಕೊನೆಗೆ ಬಂದು ಸಹಿ ಹಾಕಿತು."

ಬಂಧುಗಳೇ, ಇದರ ಬಗ್ಗೆ ಈ ವಾರವೆಲ್ಲ ಯೋಚಿಸಿದ್ದೇನೆ. ನಾವು ಪಂಚಶೀಲ ತೆಗೆದುಕೊಂಡವರು. ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಕೊಟ್ಟ ಪ್ರತಿಜ್ಞೆಗಳಲ್ಲೂ ಸುಳ್ಳು ಹೇಳೆನು ಎಂಬುದು ಇದೆ. ನಮ್ಮಲ್ಲಿ ಹೆಚ್ಚಿನವರು ಹಸಿ ಸುಳ್ಳು ಹೇಳುವವರಲ್ಲ. ನಮ್ಮ ಸುಳ್ಳುಗಳು ಬಹುಮಟ್ಟಿಗೆ ನಿಜವಾದ ವಾಕ್ಯಗಳಿಂದಲೇ ಕಟ್ಟಿದವು. ಪೋಷಕರ ಸಭೆಗೆ ಮುನ್ನ ನೋಟ್ಸ್ ತಿದ್ದಿ ಸಹಿ ಹಾಕಿದರೆ "ಎಲ್ಲ ತಿದ್ದಿದೆ" ಎಂಬುದು ನಿಜ. ಅಧಿಕಾರಿ ಬರುವ ದಿನ ಶಾಲೆ ತೊಳೆಸಿದರೆ "ಶಾಲೆ ಸ್ವಚ್ಛವಾಗಿದೆ" ಎಂಬುದೂ ನಿಜ. ಮೊದಲು ಜಗತ್ತನ್ನು ನಮ್ಮ ಮಾತಿಗೆ ಬೇಕಾದಂತೆ ಸ್ವಲ್ಪ ಹೊತ್ತು ಜೋಡಿಸಿಡುತ್ತೇವೆ, ಆ ಮೇಲೆ ಸತ್ಯ ಹೇಳುತ್ತೇವೆ. ಅದಕ್ಕೇ ನಮ್ಮ ನಾಲಿಗೆ ಅಷ್ಟು ಶುದ್ಧವಾಗಿ ಉಳಿದಿದೆ.

ರಾಹುಲನಿಗೆ ಭಗವಾನರು ಪಾತ್ರೆಯ ಪಾಠದ ಮೇಲೆ ಇನ್ನೊಂದು ಪಾಠ ಹೇಳುತ್ತಾರೆ. ಕನ್ನಡಿ ಏತಕ್ಕೆ ಎಂದು ಕೇಳುತ್ತಾರೆ. ನೋಡಿಕೊಳ್ಳಲು ಎನ್ನುತ್ತಾನೆ ರಾಹುಲ. ಹಾಗೆಯೇ ಮೈ, ಮಾತು, ಮನಸ್ಸಿನ ಪ್ರತಿ ಕೆಲಸವನ್ನೂ ಮಾಡುವ ಮುನ್ನ, ಮಾಡುವಾಗ, ಮಾಡಿದ ಮೇಲೆ ನೋಡಿಕೋ, ಅದರಿಂದ ನಿನಗೆ, ಇನ್ನೊಬ್ಬರಿಗೆ, ಇಬ್ಬರಿಗೂ ನೋವಾಗುತ್ತದೆಯೇ ಎಂದು ಕೇಳಿಕೋ ಎನ್ನುತ್ತಾರೆ. ಮಾತು ಅಕ್ಷರಶಃ ನಿಜವೇ ಎಂಬ ಪ್ರಶ್ನೆ ಅಲ್ಲಿ ಸಾಲುವುದಿಲ್ಲ. ಡಯಾಲಿಸಿಸ್ ಮುಗಿಸಿದ ತಾಯಿಯನ್ನು ಕೂರಿಸಿಕೊಂಡು ಬರುವಾಗ, ಲಾರಿ ದಾಟುವ ಕ್ಷಣದಲ್ಲಿ ಆ ಗಾಡಿ ನಡುಗಿದ್ದರೆ? ನನಗೆ ಆದದ್ದು ಅವರಿಗೆ ಆಗಬೇಕಿತ್ತು. ಅದು ನಾನು ಅವರಿಗೆ ಮಾರಿದ್ದ ಕ್ಷಣ. ಇಷ್ಟು ಸಾಕು, ನಾಲ್ಕು ಅಂಗಗಳ ಲೆಕ್ಕವೂ ಬೇಡ.

ಈ ಉಪದೇಶ ಅಶೋಕನಿಗೂ ಬಹಳ ಮುಖ್ಯವೆನಿಸಿತ್ತು. ರಾಜಸ್ಥಾನದ ಬೈರಾಟ್‌ನಲ್ಲಿ ಸಿಕ್ಕಿದ, ಈಗ ಕೋಲ್ಕತ್ತದಲ್ಲಿರುವ ಶಾಸನದಲ್ಲಿ, ಭಿಕ್ಖುಗಳೂ ಉಪಾಸಕರೂ ಮತ್ತೆ ಮತ್ತೆ ಕೇಳಬೇಕು ಎಂದು ಅವನು ಏಳು ಧಮ್ಮಪಾಠಗಳನ್ನು ಹೆಸರಿಸುತ್ತಾನೆ. ಅದರಲ್ಲಿ ಸುಳ್ಳಿನ ಕುರಿತು ರಾಹುಲನಿಗೆ ಹೇಳಿದ ಉಪದೇಶವೂ ಒಂದು.

ಇನ್ನು ದೀಪದ ಬಗ್ಗೆ. ನಾಲ್ಕು ಆರ್ಯಸತ್ಯಗಳನ್ನು ನಾವು ದುಃಖ, ಅದರ ಕಾರಣ, ಅದರ ನಿರೋಧ, ಅದರ ಮಾರ್ಗ ಎಂದು ಕ್ರಮವಾಗಿ ಹೇಳುತ್ತೇವೆ. ನಾನು ಮಾಡಿದ್ದೇನೆಂದರೆ ಮೊದಲನೆಯದರಿಂದ ನೇರ ಮೂರನೆಯದಕ್ಕೆ ಹಾರಿದ್ದು. ಕಿರಿಕಿರಿ ಇದೆ, ಕಿರಿಕಿರಿ ನಿಲ್ಲಬೇಕು. ನಡುವೆ ಕಾರಣ ಎಂಬ ಮೆಟ್ಟಿಲನ್ನು ಬಿಟ್ಟೆ. ಕಾರಣವನ್ನು ಮುಟ್ಟದೆ ನಿಲ್ಲಿಸಿದ್ದು ಸಂಕಟವನ್ನಲ್ಲ, ಸಂಕಟದ ಸುದ್ದಿಯನ್ನು. ತರಗತಿಯಲ್ಲೂ ಎಷ್ಟು ಸಲ ಹೀಗೆ ಮಾಡಿದ್ದೇನೆ. ಗಲಾಟೆ ಮಾಡುವ ಹುಡುಗನನ್ನು ಹೊರಗೆ ನಿಲ್ಲಿಸಿದರೆ ತರಗತಿ ಶಾಂತ. ಅವನು ಬೆಳಿಗ್ಗೆಯಿಂದ ಏನಾದರೂ ತಿಂದಿದ್ದಾನೆಯೇ ಎಂದು ಕೇಳುವ ತನಕ ಹೋಗುವುದೇ ಇಲ್ಲ.

ಹಾಗೆಂದು ಪ್ರತಿ ದೀಪಕ್ಕೂ ಹೆದರುವುದು ಎಚ್ಚರವಲ್ಲ. ಪ್ರಯಾಣ ಮಾಡುವವರಿಗೆ ಉಪಯೋಗವಾಗಲಿ ಎಂದು ಮೆಕ್ಯಾನಿಕ್ ಹೇಳಿದ್ದನ್ನು ಬರೆಯುತ್ತೇನೆ. ಹಳದಿ ದೀಪ ಒಂದೇ ಸಮ ಉರಿಯುತ್ತಿದ್ದು ಗಾಡಿ ಸರಿಯಾಗಿ ಓಡುತ್ತಿದ್ದರೆ ಗಾಬರಿ ಬೇಡ. ವೇಗ ಇಳಿಸಿ, ಜೋರಾಗಿ ಎಳೆಯದೆ, ಮುಂದಿನ ಊರಿನಲ್ಲಿ ತೋರಿಸಿ. ಅದೇ ದೀಪ ಮಿನುಗುತ್ತಿದ್ದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ. ಎಣ್ಣೆ ಡಬ್ಬಿಯ ಕೆಂಪು ದೀಪ ಆಯಿಲ್ ಒತ್ತಡ ಇಲ್ಲ ಎನ್ನುತ್ತದೆ, ತಕ್ಷಣ ಇಂಜಿನ್ ಆಫ್ ಮಾಡಬೇಕು. ಬಿಸಿಯ ಕೆಂಪು ದೀಪ ಬಂದರೂ ನಿಲ್ಲಿಸಬೇಕು, ಆದರೆ ತಣ್ಣಗಾಗುವ ತನಕ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಬಾರದು. ನಿಲ್ಲಿಸಿದಾಗ ಒಣಹುಲ್ಲಿನ ಮೇಲೆ ಬೇಡ, ಹಿಂದೆ ತ್ರಿಕೋನ ಇಡಿ, ಜನ ರಸ್ತೆಯಿಂದ ದೂರ ನಿಲ್ಲಲಿ. ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ 1033ಕ್ಕೆ ಕರೆ ಮಾಡಬಹುದು. ಯಾವುದು ನಿಲ್ಲು ಎನ್ನುತ್ತದೆ, ಯಾವುದು ನೋಡು ಎನ್ನುತ್ತದೆ ಎಂದು ಬೇರ್ಪಡಿಸಿ ತಿಳಿಯುವುದೇ ಎಚ್ಚರ. ಕಡೆಗಣಿಸುವುದು ಒಂದು ತುದಿ, ಕಂಗಾಲಾಗುವುದು ಇನ್ನೊಂದು ತುದಿ.

ಮನಸ್ಸಿಗೂ ಇದು ಅನ್ವಯಿಸುತ್ತದೆ. ಹಿರಿ ಮತ್ತು ಒತ್ತಪ್ಪ, ಅಂದರೆ ತಪ್ಪು ಮಾಡಲು ನಾಚಿಕೆ ಮತ್ತು ತಪ್ಪಿನ ಫಲದ ಅಂಜಿಕೆ, ಇವೆರಡೂ ಲೋಕವನ್ನು ಕಾಯುವ ಧಮ್ಮಗಳು ಎಂದು ಭಗವಾನರು ಹೇಳಿದ್ದಾರೆ. ಅವು ನಮ್ಮೊಳಗಿನ ಚೆಕ್ ಲೈಟ್. ಆದರೆ ಕುಕ್ಕುಚ್ಚ, ಅಂದರೆ ಮಾಡಿದ್ದನ್ನೇ ನೆನೆದು ನೆನೆದು ಕೊರಗುವುದು, ಐದು ನೀವರಣಗಳಲ್ಲಿ ಸೇರಿದೆ. ಅದು ದಾರಿಗೆ ಅಡ್ಡ. ಎರಡನ್ನೂ ಹೇಗೆ ಗುರುತಿಸುವುದು? ನನಗೆ ತೋಚಿದ್ದು ಇಷ್ಟು: ನಾಚಿಕೆ ನಮ್ಮನ್ನು ಎದುರಿನವರ ಕಡೆಗೆ ಕಳಿಸುತ್ತದೆ, ಕೊರಗು ನಮ್ಮ ಕಡೆಗೇ ತಿರುಗಿಸಿ ಕೂರಿಸುತ್ತದೆ. ಭಾನುವಾರ ರಾತ್ರಿ ನಾನು ಬಹಳ ಹೊತ್ತು ಕೊರಗಿದೆ. ಎಂಥವಳಾದೆ ನಾನು ಎಂದು ಅತ್ತೆ ಕೂಡ. ಅಷ್ಟು ಹೊತ್ತೂ ಅತಿಥಿ ಶಿಕ್ಷಕರಿಗೆ ಒಂದು ಫೋನ್ ಮಾಡಿರಲಿಲ್ಲ. ಅಳುವುದು ಸುಲಭವಿತ್ತು.

ಸೋಮವಾರ ಶಾಲೆಯಲ್ಲಿ, ಸ್ಟಾಫ್ ರೂಮಿನಲ್ಲಿ ಯಾರೂ ಇಲ್ಲದಾಗ ಹೇಳಿದೆ. ನಾಲ್ಕು ತಿಂಗಳ ಕಥೆ, ಹಿಂದಿನ ರಾತ್ರಿಯ ಗುಂಡಿ, ಹಾಕಿಸಿದ ಕಾಯಿಲ್, ಕನ್ವರ್ಟರ್ ಬಗ್ಗೆ ಮೆಕ್ಯಾನಿಕ್ ಹೇಳಿದ ಅನುಮಾನ, ಎಲ್ಲ. ಬೆಲೆ ಇಳಿಸುತ್ತೇನೆ, ಬೇಡವೆಂದರೆ ಮುಂಗಡ ವಾಪಸ್ ಕೊಡುತ್ತೇನೆ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವತ್ತೇ ಹೇಳಿದ್ರೆ ಚೆನ್ನಾಗಿತ್ತು ಮೇಡಂ. ನಾನು ಬೇರೆಯವರ ಗಾಡಿ ನೋಡದೆ ನಿಮ್ಮದೇ ಅಂತ ಬಂದಿದ್ದೆ, ನೀವು ಅಂತ" ಎಂದರು. ಕೋಪ ಮಾಡಲಿಲ್ಲ. ಮಂಗಳವಾರ ಮುಂಗಡ ವಾಪಸ್ ಪಡೆದರು. ಈಗಲೂ ಎದುರಾದಾಗ ನಮಸ್ಕಾರ ಮೇಡಂ ಎನ್ನುತ್ತಾರೆ. ಆದರೆ ಮೊದಲು ನಿಂತು ಮಾತಾಡುತ್ತಿದ್ದರು, ಈಗ ನಡೆಯುತ್ತಾ ಹೇಳುತ್ತಾರೆ.

ಸತ್ಯ ಹೇಳಿದರೆ ಎಲ್ಲ ಸರಿಹೋಗುತ್ತದೆ ಎಂದು ಬರೆಯಲು ನನಗೂ ಆಸೆ. ಹಾಗೆ ಆಗಲಿಲ್ಲ. ತಡವಾದ ಸತ್ಯ ಮುಂದಿನ ಹಾನಿಯನ್ನು ತಡೆಯಿತು. ಆದ ಹಾನಿಯನ್ನು ಅಳಿಸಲಿಲ್ಲ. ಅಳಿಸಬೇಕಾಗಿಯೂ ಇಲ್ಲ ಎಂದು ಈಗ ಅನ್ನಿಸುತ್ತದೆ. ಅವರು ನನ್ನನ್ನು ಯಾವಾಗ ಮತ್ತೆ ನಂಬಬೇಕು ಎಂಬುದು ಅವರಿಗೆ ಬಿಟ್ಟದ್ದು, ನಾನು ಗುಂಡಿ ಒತ್ತಿ ತರಿಸುವಂಥದ್ದಲ್ಲ.

ಕನ್ನಡಿಯ ಪಾಠದಲ್ಲಿ ಕೊನೆಯ ಮಾತೊಂದಿದೆ. ಮೈಯಿಂದಲೋ ಮಾತಿನಿಂದಲೋ ಮಾಡಿದ ಕೆಲಸ ಕೆಟ್ಟದ್ದೆಂದು ತಿಳಿದರೆ ಗುರುವಿನ ಮುಂದೆಯೋ ತಿಳಿದ ಸಹಚಾರಿಗಳ ಮುಂದೆಯೋ ಅದನ್ನು ತೆರೆದಿಡಬೇಕು, ಮುಂದೆ ಸಂಯಮದಿಂದ ಇರಬೇಕು. ಈ ಗುಂಪಿನಲ್ಲಿ ಬರೆಯುತ್ತಿರುವುದು ಅದಕ್ಕಾಗಿ. ಮೊದಲು ಮಗಳಿಗೆ ಓದಲು ಕೊಟ್ಟೆ. "ಪೆಟ್ರೋಲ್ ಸರಿ ಇಲ್ಲ ಅಂದಿದ್ದೂ ಹಾಕು" ಎಂದಳು. ಹಾಕಿದ್ದೇನೆ.

ಬುಧವಾರ ಬೆಳಿಗ್ಗೆ ಶಾಲೆಗೆ ಹೊರಟಾಗ ಕೀ ತಿರುಗಿಸಿದೆ. ಎಲ್ಲ ದೀಪಗಳೂ ಹೊತ್ತಿದವು, ಇಂಜಿನ್ ಶುರುವಾದ ಮೇಲೆ ಎಲ್ಲವೂ ಆರಿದವು, ಹಳದಿಯೂ ಸೇರಿ. ಯಾರೂ ಅದನ್ನು ಅಳಿಸಿರಲಿಲ್ಲ. ಸ್ಕ್ಯಾನರನ್ನು ಮೆಕ್ಯಾನಿಕ್ ಹತ್ತಿರ ಬಿಟ್ಟುಬರಬೇಕು ಎಂದುಕೊಂಡಿದ್ದೆ. ಆದರೆ ಇಟ್ಟುಕೊಂಡಿದ್ದೇನೆ. ಓದಲು ಅದು ಒಳ್ಳೆಯದೇ. ತಪ್ಪು ಅದರದ್ದಲ್ಲ.

ಇಂದಿನ ಅಭ್ಯಾಸ: ಸಂಜೆ ಐದು ನಿಮಿಷ ಸುಮ್ಮನೆ ಕೂತು ಒಂದನ್ನು ಕೇಳಿಕೊಳ್ಳೋಣ. ಈ ದಿನ ನಾನು ಆಡಿದ ನಿಜವಾದ ಮಾತುಗಳಲ್ಲಿ ಯಾವುದಕ್ಕಾದರೂ ಮೊದಲೇ ಏನನ್ನಾದರೂ ಆರಿಸಿ ಬಂದಿದ್ದೆನೆ? ಇದ್ದರೆ, ಅದನ್ನು ಕೇಳಬೇಕಾದ ವ್ಯಕ್ತಿ ಯಾರು?

ಎಲ್ಲರಿಗೂ ಮಂಗಳವಾಗಲಿ. ದಾರಿಯಲ್ಲಿರುವವರೆಲ್ಲ ಕ್ಷೇಮವಾಗಿ ಊರು ಸೇರಲಿ.

ನಮೋ ಬುದ್ಧಾಯ.